ಅಣ್ಣಾ, ತಾರೀಕು ಕೊಡೋ ಮುಂಚೆ ಇದನ್ನ ಪೂರ್ತಿ ಕೇಳು

ಅಣ್ಣಾ, ನಿನ್ನ ಮೆಸೇಜ್ ರಾತ್ರಿ ಒಂದ್ಸಲ ಕೇಳ್ದೆ, ಬೆಳಿಗ್ಗೆ ಎದ್ದು ಇನ್ನೊಂದ್ಸಲ ಕೇಳ್ದೆ. 3 ವರ್ಷದಿಂದ ಕುತ್ತಿಗೆ ನೋವು, ಎಂಆರ್‌ಐನಲ್ಲಿ ಸಿ5-ಸಿ6 ಡಿಸ್ಕ್, ಅಂದ್ರೆ ಕುತ್ತಿಗೆಯ ಐದನೇ ಆರನೇ ಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ ಅಂತ ಬಂದಿದೆ, ಡಾಕ್ಟ್ರು ಡಿಸ್ಕ್ ಬದಲಾಯಿಸೋಣ, ಎರಡು ವಾರದೊಳಗೆ ತಾರೀಕು ಹೇಳಿ ಅಂದಿದ್ದಾರೆ, ಮಾಡಿಸ್ಲಾ ಬೇಡ್ವಾ ಅಂತ ಕೇಳಿದ್ದೀಯ. ಗ್ರೂಪಲ್ಲಿ ಆಗ್ಲೇ ಅರ್ಧ ಜನ ಮಾಡಿಸ್ಬಿಡು ಅಂದಾಯ್ತು. ಮಾವ ಮಾತ್ರ ಕುತ್ತಿಗೆಗೆ ಕತ್ತಿ ಹಾಕಿಸಿದ್ರೆ ಕೈಕಾಲು ಬಿದ್ದುಹೋಗತ್ತೆ ಅಂತ ಹೆದರಿಸಿದ್ದಾರೆ. ನಾನು 5 ವರ್ಷದ ಹಿಂದೆ ಇದೇ ಆಪರೇಷನ್ ಮಾಡಿಸ್ಕೊಂಡವಳು, ಅದಕ್ಕೇ ಇಷ್ಟುದ್ದ ಮಾತಾಡ್ತಿದ್ದೀನಿ.

ಮೊದಲು ನನ್ನ ಕಥೆ ಹೇಳ್ಬಿಡ್ತೀನಿ. ನಂಗೆ ಆಗ ಕುತ್ತಿಗೆ ನೋವಿಗಿಂತ ಬಲಗೈ ನೋವು. ಹೆಗಲಿನ ಹಿಂದಿನಿಂದ ಶುರುವಾಗಿ, ತೋಳಿನ ಹಿಂಭಾಗದಲ್ಲಿ ಇಳಿದು, ನಡುಬೆರಳಿನ ತುದಿವರೆಗೂ ಕಾದ ತಂತಿ ಎಳೆದ ಹಾಗೆ. ರಾತ್ರಿ ಬಲಗೈಯನ್ನ ತಲೆ ಮೇಲೆ ಇಟ್ಕೊಂಡ್ರೆ ಮಾತ್ರ ಸ್ವಲ್ಪ ತಗ್ಗೋದು. ಹಾಗೇ ಕೂತು ನಿದ್ದೆ ಮಾಡ್ತಿದ್ದೆ, ನೀನೇ ನೋಡಿದ್ದೀಯ. ಆಮೇಲೆ ಗೊತ್ತಾಯ್ತು, ಕೈ ಮೇಲೆತ್ತಿದಾಗ ನರದ ಮೇಲಿನ ಎಳೆತ ಕಡಿಮೆ ಆಗತ್ತಂತೆ, ಡಾಕ್ಟ್ರುಗಳು ಅದನ್ನೂ ಒಂದು ಲಕ್ಷಣ ಅಂತ ನೋಡ್ತಾರೆ. ಮೂರು ತಿಂಗಳು ಔಷಧಿ, ಫಿಸಿಯೋ ಎಲ್ಲ ಆಯ್ತು. ಎಷ್ಟೋ ಜನಕ್ಕೆ ಇಂಥ ಕೈನೋವು ಆಪರೇಷನ್ ಇಲ್ಲದೆ ಕೆಲವು ವಾರ, ಕೆಲವು ತಿಂಗಳಲ್ಲಿ ತಾನಾಗೇ ಇಳಿದುಹೋಗತ್ತೆ. ನಂಗೆ ಇಳೀಲಿಲ್ಲ, ಅದರ ಜೊತೆಗೆ ಕೈಯ ಬಲಾನೂ ಹೋಗೋಕೆ ಶುರುವಾಯ್ತು. ಒಂದಿನ ಭಾರದ ಬಾಗಿಲನ್ನ ತಳ್ಳೋಕೆ ಹೋದೆ, ಮೊಣಕೈ ಹಾಗೇ ಮಡಚಿಕೊಂಡು ಹಣೆ ಬಾಗಿಲಿಗೆ ಬಡೀತು. ಸಿ6-ಸಿ7 ಡಿಸ್ಕ್ ಒಡೆದು ಸಿ7 ನರವನ್ನ ಒತ್ತುತ್ತಿತ್ತು. ನಡುಬೆರಳ ಜೋಮು, ತೋಳಿನ ಹಿಂದಿನ ಸ್ನಾಯು ಸೋಲೋದು, ಸ್ಕ್ಯಾನಿನ ಚಿತ್ರ, ಮೂರೂ ಒಂದೇ ಜಾಗವನ್ನ ತೋರಿಸ್ತಿದ್ವು. ಆಗ ಒಪ್ಪಿಕೊಂಡೆ.

ಆಪರೇಷನ್ ಕುತ್ತಿಗೆ ಹಿಂದಿನಿಂದ ಮಾಡ್ತಾರೆ ಅಂದ್ಕೊಂಡಿದ್ದೆ. ಇಲ್ಲ, ಮುಂದೆ ಗಂಟಲ ಪಕ್ಕ, ಚರ್ಮದ ಗೆರೆಯಲ್ಲೇ ಚಿಕ್ಕದಾಗಿ ಕೊಯ್ದು, ಅನ್ನನಾಳ ಶ್ವಾಸನಾಳ ಪಕ್ಕಕ್ಕೆ ಸರಿಸಿ, ಹಾಳಾದ ಡಿಸ್ಕ್ ತೆಗೆದು ನರವನ್ನ ಬಿಡಿಸ್ತಾರೆ. ಖಾಲಿ ಜಾಗಕ್ಕೆ ಅಲುಗಾಡೋ ಕೃತಕ ಡಿಸ್ಕ್ ಕೂರಿಸ್ತಾರೆ. ಎಚ್ಚರ ಆದಾಗ ಗಂಟಲು ಉರೀತಿತ್ತು, ಆದ್ರೆ ಕೈ ಸುಮ್ಮನಿತ್ತು ಅಣ್ಣಾ. ಅಷ್ಟು ತಿಂಗಳಾದ ಮೇಲೆ ಕೈ ಸುಮ್ಮನಿದ್ದಿದ್ದಕ್ಕೆ ಅಲ್ಲೇ ಅತ್ತುಬಿಟ್ಟೆ. ಎರಡು ವಾರ ನೀರು ನುಂಗೋಕೂ ಯೋಚನೆ ಮಾಡ್ಬೇಕಿತ್ತು, ಒಂದು ತಿಂಗಳು ದನಿ ಕೂತಿತ್ತು. ಬಲ ಬರೋಕೆ ತಿಂಗಳುಗಟ್ಟಲೆ ಹಿಡೀತು, ಬೆರಳ ತುದಿಯ ಜೋಮು ಇವತ್ತಿಗೂ ಚೂರು ಉಳ್ಕೊಂಡಿದೆ.

ಕುತ್ತಿಗೆ ನೋವು? ಅದು ಹೋಗಿಲ್ಲ. ಮೊದಲಿಗಿಂತ ಪರವಾಗಿಲ್ಲ, ಆದ್ರೆ ದಿನವಿಡೀ ತಲೆ ಬಗ್ಗಿಸಿ ಕೆಲಸ ಮಾಡಿದ್ರೆ ಸಂಜೆಗೆ ಹಾಜರ್. ಗ್ರೂಪಲ್ಲಿ ಎಲ್ಲರೂ ನನ್ನ ಹೆಸರು ಹೇಳಿ “ಅವಳಿಗೆ ಎಲ್ಲ ವಾಸಿ ಆಯ್ತಲ್ಲ” ಅಂತಿದ್ದಾರೆ, ಅದಕ್ಕೇ ಹೇಳ್ತಿದ್ದೀನಿ. ನಂಗೆ ವಾಸಿ ಆಗಿದ್ದು ಕೈ.

ಈ ಆಪರೇಷನ್ ಇರೋದೇ ಒತ್ತಿಹೋದ ನರವನ್ನೋ ಬೆನ್ನುಹುರಿಯನ್ನೋ ಬಿಡಿಸೋಕೆ. ಕೃತಕ ಡಿಸ್ಕ್ ಅದಾದ ಮೇಲಿನ ಮಾತು. 1950ರ ದಶಕದಿಂದಲೂ ಡಿಸ್ಕ್ ತೆಗೆದ ಜಾಗಕ್ಕೆ ಮೂಳೆ ಇಟ್ಟು ಮೇಲಿನ ಕೆಳಗಿನ ಎರಡೂ ಕತ್ತಿನ ಮೂಳೆಗಳನ್ನ ಬೆಸೆದುಬಿಡ್ತಿದ್ರು. ಬೆಸೆದ್ರೆ ಮೇಲಿನ ಕೆಳಗಿನ ಡಿಸ್ಕ್‌ಗಳ ಮೇಲೆ ಭಾರ ಜಾಸ್ತಿ ಬೀಳತ್ತೆ ಅಂತ ಅಲುಗಾಡೋ ಡಿಸ್ಕ್ ಬಂತು. ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಎಫ್‌ಡಿಎ ಸಂಸ್ಥೆ ಕುತ್ತಿಗೆಯ ಇಂಥ ಮೊದಲನೇ ಡಿಸ್ಕಿಗೆ ಒಪ್ಪಿಗೆ ಕೊಟ್ಟಿದ್ದು 2007ರಲ್ಲಿ. ಆ ಒಪ್ಪಿಗೆಗೋಸ್ಕರ ರೋಗಿಗಳ ಮೇಲೆ ಮಾಡಿದ ಪರೀಕ್ಷೆಗಳಿಗೆ ಸೇರಿಸ್ಕೊಂಡಿದ್ದು ಕೈಗೆ ಇಳಿಯೋ ನೋವು, ಬಲಹೀನತೆ ಅಥವಾ ಬೆನ್ನುಹುರಿ ಮೇಲೆ ಒತ್ತಡ ಇದ್ದವರನ್ನ. ಬರೀ ಕುತ್ತಿಗೆ ನೋವು ಅಂದವರನ್ನಲ್ಲ.

ನಿನ್ನ ರಿಪೋರ್ಟಿನಲ್ಲಿರೋ “ಉಬ್ಬು” ಅನ್ನೋ ಪದಕ್ಕೆ ಅಷ್ಟು ಹೆದರ್ಬೇಡ. ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಜನರ ಕುತ್ತಿಗೆಗೆ ಎಂಆರ್‌ಐ ಮಾಡಿ ನೋಡಿದ್ರು, 2015ರಲ್ಲಿ ಪ್ರಕಟ ಆಯ್ತು. ನೂರಕ್ಕೆ 87ಕ್ಕಿಂತ ಹೆಚ್ಚು ಜನರಲ್ಲಿ ಡಿಸ್ಕ್ ಉಬ್ಬಿತ್ತು! ನೋವೇ ಇಲ್ಲದವರು ಅವರೆಲ್ಲ. ಹಾಗಾಗಿ ಉಬ್ಬು ಕಂಡ ತಕ್ಷಣ ನೋವು ಅಲ್ಲಿಂದಲೇ ಬರ್ತಿದೆ ಅನ್ನೋಕೆ ಆಗಲ್ಲ. ಸ್ನಾಯು, ಹಿಂದಿನ ಸಣ್ಣ ಫ್ಯಾಸೆಟ್ ಕೀಲು, ಎಲ್ಲಿಂದ ಬೇಕಾದ್ರೂ ಬರಬಹುದು. ಆ ಕೀಲುಗಳೇ ಸವೆದಿದ್ರೆ, ಮೂಳೆ ಟೊಳ್ಳಾಗಿದ್ರೆ, ಅಲುಗಾಡೋ ಡಿಸ್ಕ್ ಸಾಮಾನ್ಯವಾಗಿ ಹಾಕೋದೇ ಇಲ್ಲ. ಹಾಕಿದ ಮೇಲೂ ಕೆಲವರಲ್ಲಿ ಸುತ್ತ ಮೂಳೆ ಬೆಳೆದು ಆ ಡಿಸ್ಕ್ ಅಲುಗಾಡೋದು ನಿಂತುಹೋಗತ್ತೆ.

ಮಾವ, ನೀವು ಹೇಳಿದ್ದಕ್ಕೂ ಒಂದು ಮಾತು. ಬೆನ್ನುಹುರಿಗೆ ಪೆಟ್ಟು ಬೀಳೋದು ಇದೆ, ಆದ್ರೆ ಬಹಳ ಅಪರೂಪ. ಆ ಹೆದರಿಕೆಯಿಂದ ಬೇಕಾದ ಆಪರೇಷನ್ನನ್ನ ಯಾರೂ ಮುಂದೂಡಬಾರದು.

ಅಣ್ಣಾ, ಈಗ ಎರಡನೇ ಸಲ ಕೇಳ್ದಾಗ ಗಮನಕ್ಕೆ ಬಂದಿದ್ದು. ಕೊನೆಗೆ ನೀನು ಸುಮ್ನೆ ಹೇಳಿದ್ಯಲ್ಲ, “ಈಚೆಗೆ ಶರ್ಟಿನ ಗುಂಡಿ ಹಾಕ್ಕೊಳ್ಳೋಕೆ ಹೊತ್ತಾಗತ್ತೆ, ಚಪ್ಪಲಿ ಕಾಲಿಂದ ಜಾರಿದ್ದೂ ಗೊತ್ತಾಗಲ್ಲ, ವಯಸ್ಸಾಯ್ತೇನೋ” ಅಂತ. 3 ವರ್ಷದ ನೋವಿನ ಬಗ್ಗೆ ಅಷ್ಟು ಹೊತ್ತು ಮಾತಾಡಿ ಇದನ್ನ ಒಂದೇ ಉಸಿರಲ್ಲಿ ಹೇಳಿ ಮುಗಿಸಿದ್ದೀಯ. ನಂಗೆ ನಿದ್ದೆ ಕೆಡಿಸಿರೋದು ಇದೇ. ಕೈಬೆರಳಿನ ನಾಜೂಕು ಹೋಗೋದು, ಕಾಲು ನಿಲುವು ತಪ್ಪೋದು ಬೆನ್ನುಹುರಿ ಒತ್ತಿಹೋಗ್ತಿರೋದರ ಗುರುತು ಇರಬಹುದು. ಅದಕ್ಕೆ ನೋವೇ ಇರ್ಬೇಕು ಅಂತಿಲ್ಲ. ಈಗಲೇ ಒಂದು ಕೆಲಸ ಮಾಡು. ಗಡಿಯಾರ ನೋಡ್ಕೊಂಡು 10 ಸೆಕೆಂಡು ಮುಷ್ಟಿ ಬಿಗಿದು ಪೂರ್ತಿ ಬಿಚ್ಚು, ಬಿಗಿದು ಬಿಚ್ಚು, ಎಷ್ಟಾಗತ್ತೆ ಎಣಿಸು. ಒಂದೊಂದು ಕೈಗೂ 20 ಆದ್ರೂ ಆಗ್ಬೇಕು. ಆಮೇಲೆ ಅತ್ತಿಗೆ ಪಕ್ಕದಲ್ಲಿರ್ಲಿ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸ್ತಾ ನೇರ ಗೆರೆ ಮೇಲೆ ಹತ್ತು ಹೆಜ್ಜೆ ನಡಿ. ಎಲ್ಲ ಸರಿಯಾಗೇ ಆದ್ರೂ ಡಾಕ್ಟ್ರ ಹತ್ರ ಹೋಗೋದು ಹೋಗ್ಲೇಬೇಕು, ಇದು ಮನೇಲಿ ತೀರ್ಮಾನ ಮಾಡೋ ವಿಷಯ ಅಲ್ಲ. ತಲೆ ಬಗ್ಗಿಸಿದಾಗ ಬೆನ್ನಲ್ಲಿ ಕರೆಂಟ್ ಹೊಡೆದ ಹಾಗೆ ಆಗತ್ತಾ, ಮೂತ್ರ ಹಿಡಿಯೋಕೆ ಕಷ್ಟ ಆಗ್ತಿದೆಯಾ, ಅದನ್ನೂ ನಾಚಿಕೆ ಬಿಟ್ಟು ಹೇಳು. ಮೂತ್ರದ್ದು ಇದ್ರೆ, ಇಲ್ಲಾ ಕೈಕಾಲು ಇನ್ನೂ ಸೋತ್ರೆ ನಾಳೆವರೆಗೂ ಕಾಯ್ಬೇಡ, ಆಗಿಂದಾಗ್ಲೇ ಎಮರ್ಜೆನ್ಸಿಗೆ ಹೋಗೋಣ.

ಬೆನ್ನುಹುರಿ ಒತ್ತಡ ನಿಜ ಆಗಿದ್ರೆ ಲೆಕ್ಕ ಪೂರ್ತಿ ಬದಲಾಗತ್ತೆ. ಆಗ ಕಾಯೋದು ಒಳ್ಳೇದಲ್ಲ, ಕಳೆದುಹೋದದ್ದು ಪೂರ್ತಿ ವಾಪಸ್ ಬರ್ದೇ ಇರಬಹುದು, ಇನ್ನೂ ಕೆಡದ ಹಾಗೆ ತಡೆಯೋಕೇ ಮುಖ್ಯವಾಗಿ ಆಪರೇಷನ್. ಅಲುಗಾಡೋ ಡಿಸ್ಕೋ, ಬೆಸೆಯೋದೋ, ಕುತ್ತಿಗೆ ಹಿಂದಿನಿಂದ ಬೆನ್ನುಹುರಿಗೆ ಜಾಗ ಮಾಡೋದೋ ಅನ್ನೋದು ಒತ್ತಡ ಎಷ್ಟು ಕಡೆ ಇದೆ ಅನ್ನೋದರ ಮೇಲೆ ಹೋಗತ್ತೆ. ಅದು ಇಲ್ಲ ಅಂತಾದ್ರೆ, ಬರೀ ಕುತ್ತಿಗೆ ನೋವಿಗೆ ಆ ಎರಡು ವಾರದ ಗಡುವನ್ನ ನಾನು ಒಪ್ಪಲ್ಲ. ಕುತ್ತಿಗೆ ಮುಂಭಾಗದ ಒಳಸ್ನಾಯುಗಳಿಗೆ, ಹೆಗಲ ಹಲಗೆಗೆ ಬಲ ಕೊಡೋ ವ್ಯಾಯಾಮವನ್ನ ಎರಡು ಮೂರು ತಿಂಗಳು ಬಿಡದೆ ಮಾಡಿ ನೋಡೋಣ. ಬಿಸಿ ಶಾಖ, ಮಸಾಜು ಮಾತ್ರ ಮಾಡಿಸ್ಕೊಂಡು ಫಿಸಿಯೋ ಆಯ್ತು ಅನ್ಬೇಡ. ಯಾರ ಹತ್ರಾನೂ ಕುತ್ತಿಗೆ ತಿರುಗಿಸಿ ಲಟಕ್ ಅನ್ನಿಸ್ಕೊಳ್ಳೋಕೆ ಹೋಗ್ಬೇಡ, ಪರೀಕ್ಷೆ ಆಗೋವರೆಗಂತೂ ಖಂಡಿತ ಬೇಡ.

ನಿನ್ನನ್ನ ನೋಡಿದ ಡಾಕ್ಟ್ರು ಸುತ್ತಿಗೆಯಿಂದ ಕೈಕಾಲು ತಟ್ಟಿ ನೋಡಿದ್ರಾ? ನಡೆಸಿ ನೋಡಿದ್ರಾ? ನಂಗೂ ಮೊದಲು ಒಬ್ರು ಕೈ ಮುಟ್ಟದೆ ಬರೀ ಪರದೆ ನೋಡಿ ತಾರೀಕು ಕೊಟ್ಟಿದ್ರು. ಎರಡನೆಯವರು ಮುಕ್ಕಾಲು ಗಂಟೆ ಪರೀಕ್ಷೆ ಮಾಡಿದ್ಮೇಲೇ ನಂಗೆ ಧೈರ್ಯ ಬಂದಿದ್ದು. ಅವರನ್ನ ಹೀಗೆ ಕೇಳಿದ್ದೆ: “ಇದರಿಂದ ನನ್ನ ಯಾವ ತೊಂದರೆ ಹೋಗತ್ತೆ, ಯಾವುದು ಉಳಿಯತ್ತೆ?” ನೀನೂ ಅದನ್ನೇ ಕೇಳು, ಉತ್ತರ ಬರ್ಕೋ.

ಇವತ್ತೇ ಫೋನ್ ಮಾಡಿ ಈ ವಾರದ ಸಮಯ ಕೇಳು, ಗುಂಡಿದೂ ಚಪ್ಪಲಿದೂ ಮೊದಲೇ ಹೇಳು, ಬೇಗ ಕರೀತಾರೆ. ರಿಪೋರ್ಟಿನ ಹಾಳೆ ಒಂದೇ ಸಾಲದು, ಸ್ಕ್ಯಾನಿನ ಸಿಡಿನೂ ಇಟ್ಕೋ. ನಾನೂ ಬರ್ತೀನಿ, ನೀನು ಮರೆತಿದ್ದನ್ನ ನಾನು ಹೇಳ್ತೀನಿ. ಮುಷ್ಟಿ ಎಷ್ಟು ಸಲ ಆಯ್ತು ಅಂತ ಮೊದಲು ಮೆಸೇಜ್ ಹಾಕು, ಕಾಯ್ತಿದ್ದೀನಿ.