ಕೋವಿ ಕೊಳ್ಳುವವರ ಪೂರ್ವಾಪರ ವಿಚಾರಣೆ: ನಮ್ಮ ಕಾನೂನು ಅತಿಯಾಯಿತೇ, ಅಮೆರಿಕದ್ದು ಸಡಿಲವಾಯಿತೇ?

ಪ್ರಶ್ನೆ: ಹೆಬ್ರಿ ಕಡೆಯ ಕೃಷಿಕ

ಮಾನ್ಯರೆ,

ನಮ್ಮ ತೋಟ ಹೆಬ್ರಿಯಿಂದ ಆಗುಂಬೆಯತ್ತ ಹೋಗುವ ದಾರಿಯಲ್ಲಿ ಕಾಡಿನ ಅಂಚಿಗೆ ತಾಗಿಕೊಂಡೇ ಇದೆ. ಮಂಗಗಳು ಬೊಂಡ ಕುಡಿದು ಉದುರಿಸುವುದು, ಕಾಡುಹಂದಿಗಳು ಬಾಳೆಯ ಬುಡ ಅಗೆದು ಹಾಕುವುದು, ಕಾಡುಕೋಣಗಳು ಹಿಂಡುಗಟ್ಟಿ ಗದ್ದೆಗೆ ಇಳಿಯುವುದು ಈ ಭಾಗದವರೆಲ್ಲರೂ ಬಲ್ಲ ವಿಚಾರ. ಬೆಳೆ ರಕ್ಷಣೆಗೆಂದು ತಂದೆಯವರು ಬಹಳ ಹಿಂದೆಯೇ ಪಡೆದ ಒಂಟಿ ನಳಿಗೆಯ ಕೋವಿಯೊಂದು ಮನೆಯಲ್ಲಿದೆ. ಅವರಿಗೆ ಈಗ ಎಪ್ಪತ್ತು ದಾಟಿದೆ, ಕಣ್ಣೂ ಮಂಜಾಗಿದೆ. ಹಾಗಾಗಿ ಪರವಾನಗಿಯನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೊರಟಿದ್ದೇನೆ. ಪಹಣಿ, ವೈದ್ಯಕೀಯ ಪ್ರಮಾಣಪತ್ರ, ಕೋವಿ ಬಳಕೆಯ ತರಬೇತಿ ಪತ್ರ, ಠಾಣೆಯ ವರದಿ ಎಂದು ಒಂದಾದ ಮೇಲೊಂದು ಕೇಳುತ್ತಿದ್ದಾರೆ. ವರದಿ ಇನ್ನೂ ಬಂದಿಲ್ಲ.

ಟೆಕ್ಸಾಸಿನಲ್ಲಿರುವ ನನ್ನ ಅಣ್ಣನ ಮಗ ಅಂಗಡಿಗೆ ಹೋಗಿ, ಒಂದು ನಮೂನೆ ತುಂಬಿಕೊಟ್ಟು, ಅದೇ ದಿನ ರೈಫಲ್ ಹಿಡಿದು ಮನೆಗೆ ಬಂದನಂತೆ. ಅದೇ ಅಮೆರಿಕದಲ್ಲಿ ಶಾಲೆಗಳಲ್ಲಿ ಗುಂಡು ಹಾರಿದ ಸುದ್ದಿ ಬಂದಾಗಲೆಲ್ಲ ಪೂರ್ವಾಪರ ವಿಚಾರಣೆಯ ಕಾನೂನು ಬಿಗಿಯಾಗಬೇಕೆಂಬ ಚರ್ಚೆ ಎದ್ದು, ಮತ್ತೆ ಹಾಗೆಯೇ ತಣ್ಣಗಾಗುವುದನ್ನು ಓದುತ್ತೇವೆ. ನನ್ನ ಪ್ರಶ್ನೆ ಎರಡು. ತಲೆಮಾರಿನಿಂದ ಕೋವಿ ಇಟ್ಟುಕೊಂಡ ಮನೆಯವನಿಗೂ ಇಷ್ಟೊಂದು ತಪಾಸಣೆ ನಿಜಕ್ಕೂ ಬೇಕೇ? ಅಮೆರಿಕದವರ ತಪಾಸಣೆ ಎಲ್ಲಿ ಸೋಲುತ್ತಿದೆ, ಅದರಿಂದ ನಾವು ಕಲಿಯುವುದೇನಾದರೂ ಇದೆಯೇ?

ಉತ್ತರ 1: ಉಡುಪಿಯ ವಕೀಲ

ಮೊದಲು ನಿಮ್ಮ ಅರ್ಜಿಯ ವಿಚಾರ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ರೂಪಿಸಿದ 2016ರ ನಿಯಮಗಳ ಪ್ರಕಾರ, ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು 25 ವರ್ಷ ಕಾಲ ಆ ಕೋವಿಯನ್ನು ಹೊಂದಿದ್ದರೆ, ಅವರು ಸೂಚಿಸುವ ವಾರಸುದಾರರಿಗೆ ಪರವಾನಗಿ ಕೊಡಲು ಅವಕಾಶವಿದೆ. ಅದಕ್ಕೆ ತಂದೆಯವರು ಕಾಲವಾಗುವವರೆಗೆ ಕಾಯಬೇಕಿಲ್ಲ. ಆದರೆ ಪೊಲೀಸ್ ವರದಿಯಲ್ಲಿ ನಿಮ್ಮ ವಿರುದ್ಧ ಪ್ರತಿಕೂಲ ಅಂಶ ಇರಕೂಡದು. ಉಡುಪಿ ಜಿಲ್ಲೆಯಲ್ಲಿ ಪರವಾನಗಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಗಳದ್ದು. ಮಂಗಳೂರು ನಗರ ವ್ಯಾಪ್ತಿಯಲ್ಲಾದರೆ ಪೊಲೀಸ್ ಆಯುಕ್ತರದ್ದು.

ಠಾಣೆಯಿಂದ ವರದಿ ಬರಲು ನಿಯಮಗಳು 30 ದಿನಗಳ ಗಡುವು ಹಾಕಿವೆ. ಅಷ್ಟರೊಳಗೆ ಬಾರದಿದ್ದರೆ, ಸೂಕ್ತವೆಂದು ಕಂಡಲ್ಲಿ ವರದಿಗೆ ಕಾಯದೆಯೇ ಆದೇಶ ಮಾಡುವ ಅಧಿಕಾರವನ್ನು ಕಾಯ್ದೆಯ 13ನೆಯ ಕಲಮು ಪರವಾನಗಿ ಪ್ರಾಧಿಕಾರಕ್ಕೆ ಕೊಟ್ಟಿದೆ. ನಾನು ಕಂಡ ಮಟ್ಟಿಗೆ ಈ ಅಧಿಕಾರವನ್ನು ಬಳಸಲು ಯಾರೂ ಮುಂದಾಗುವುದಿಲ್ಲ. ವರದಿಯಿಲ್ಲದೆ ಸಹಿ ಹಾಕಿ, ನಾಳೆ ಆ ಕೋವಿಯಿಂದ ಏನಾದರೂ ಅನಾಹುತವಾದರೆ ಯಾರು ಉತ್ತರ ಕೊಡಬೇಕು ಎಂಬ ಭಯ ಅವರಿಗಿರುವುದು ಸಹಜ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು. 18ನೆಯ ಕಲಮಿನಡಿ ನೀವು ಮೇಲ್ಮನವಿ ಸಲ್ಲಿಸಬಹುದು. ಸಾಕಷ್ಟು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಯಾರಿಗೂ ಪರವಾನಗಿ ನಿರಾಕರಿಸುವಂತಿಲ್ಲ ಎಂಬುದು ಸಣ್ಣ ಹಿಡುವಳಿದಾರರು ತಿಳಿದಿರಬೇಕಾದ ಮಾತು.

ಇಷ್ಟು ತಪಾಸಣೆ ಬೇಕೇ ಎಂದು ಕೇಳಿದ್ದೀರಿ. ನಮ್ಮಲ್ಲಿ ಕೋವಿ ಹೊಂದುವುದು ಹಕ್ಕಲ್ಲ, ಕಾರಣ ತೋರಿಸಿದವರಿಗೆ ಸರಕಾರ ಕೊಡುವ ಅನುಮತಿ. ಅಮೆರಿಕದಲ್ಲಿ ಅದು ಸಂವಿಧಾನದ ಎರಡನೆಯ ತಿದ್ದುಪಡಿಯಲ್ಲಿರುವ ಹಕ್ಕು. ಅದು ವ್ಯಕ್ತಿಗತ ಹಕ್ಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ಇಲ್ಲಿ ತಾನು ಯೋಗ್ಯನೆಂದು ಅರ್ಜಿದಾರನೇ ತೋರಿಸಿಕೊಡಬೇಕು, ಅಲ್ಲಿ ಅವನು ಅನರ್ಹನೆಂದು ಸರಕಾರ ತೋರಿಸಬೇಕು. ಎರಡು ದೇಶಗಳ ಕಾನೂನನ್ನು ಹೋಲಿಸುವಾಗ ಈ ವ್ಯತ್ಯಾಸವನ್ನು ಮರೆತರೆ ಚರ್ಚೆ ದಾರಿ ತಪ್ಪುತ್ತದೆ. ಇನ್ನೊಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ: ಬೆಳೆ ರಕ್ಷಣೆಯ ಪರವಾನಗಿ ಇದೆಯೆಂದ ಮಾತ್ರಕ್ಕೆ ಹಂದಿಯನ್ನೋ ನವಿಲನ್ನೋ ಕೊಲ್ಲಲು ಅನುಮತಿ ಸಿಕ್ಕಂತಾಗುವುದಿಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ.

ಉತ್ತರ 2: ಮಂಗಳೂರಿನವನು, ಹಲವು ವರ್ಷ ವರ್ಜೀನಿಯಾದಲ್ಲಿದ್ದವನು

ಅಲ್ಲಿನ ತಪಾಸಣೆ ಎಲ್ಲಿ ಸೋಲುತ್ತಿದೆ ಎಂಬ ಪ್ರಶ್ನೆಗೆ ನಾನು ಉತ್ತರಿಸಲು ಯತ್ನಿಸುತ್ತೇನೆ. 1993ರ ಬ್ರೇಡಿ ಕಾಯ್ದೆಯಿಂದಾಗಿ ಪರವಾನಗಿ ಪಡೆದ ವ್ಯಾಪಾರಿಗಳೆಲ್ಲರೂ ಕೋವಿ ಮಾರುವ ಮೊದಲು ಕೊಳ್ಳುವವನ ಪೂರ್ವಾಪರ ವಿಚಾರಿಸಬೇಕಾಯಿತು. 1998ರ ನವೆಂಬರಿನಿಂದ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ನಡೆಸುವ ತತ್‌ಕ್ಷಣ ತಪಾಸಣಾ ವ್ಯವಸ್ಥೆ ಜಾರಿಗೆ ಬಂತು. ಕೊಳ್ಳುವವನು 4473 ಎಂಬ ನಮೂನೆಯನ್ನು ತುಂಬುತ್ತಾನೆ. ವ್ಯಾಪಾರಿ ಅದರ ವಿವರಗಳನ್ನು ಕಳುಹಿಸುತ್ತಾನೆ. ಬಹಳಷ್ಟು ಸಲ ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರು, ಮನೆಯವರ ಮೇಲೆ ಹಲ್ಲೆ ನಡೆಸಿ ಶಿಕ್ಷೆಗೊಳಗಾದವರು, ನ್ಯಾಯಾಲಯದ ಆದೇಶದಂತೆ ಮಾನಸಿಕ ಚಿಕಿತ್ಸೆಗೆ ದಾಖಲಾದವರು, ಮಾದಕ ವಸ್ತು ಬಳಸುವವರು ಕೋವಿ ಕೊಳ್ಳುವಂತಿಲ್ಲ. ಕಾಗದದ ಮೇಲೆ ಈ ಪಟ್ಟಿ ನಮ್ಮ ಕಾಯ್ದೆಯ 9 ಮತ್ತು 14ನೆಯ ಕಲಮುಗಳಿಗಿಂತ ಬಹಳ ದೂರವೇನೂ ಇಲ್ಲ.

ಸೋಲುವುದು ಮಾಹಿತಿ ಬಾರದಿದ್ದಾಗ. ಮೂರು ಕೆಲಸದ ದಿನಗಳೊಳಗೆ ಎಫ್‌ಬಿಐ ಬೇಡವೆನ್ನದಿದ್ದರೆ ವ್ಯಾಪಾರಿ ಕೋವಿ ಮಾರಬಹುದೆಂದು ಅಲ್ಲಿನ ಕೇಂದ್ರ ಕಾನೂನೇ ಹೇಳುತ್ತದೆ. 2015ರ ಜೂನ್ 17ರಂದು ಚಾರ್ಲ್‌ಸ್ಟನ್ ನಗರದ ಚರ್ಚಿನಲ್ಲಿ ಪ್ರಾರ್ಥನೆಗೆ ಕುಳಿತಿದ್ದ ಒಂಬತ್ತು ಮಂದಿಯನ್ನು ಕೊಂದ ಯುವಕನ ಕೈಗೆ ಪಿಸ್ತೂಲು ಬಂದದ್ದು ಹೀಗೆಯೇ. ಮಾದಕ ವಸ್ತು ಇಟ್ಟುಕೊಂಡಿದ್ದುದಾಗಿ ಅವನು ಮೊದಲೇ ಒಪ್ಪಿಕೊಂಡಿದ್ದ. ಆ ದಾಖಲೆ ಯಾವ ಠಾಣೆಯಲ್ಲಿದೆ ಎಂದು ಹುಡುಕುವುದರೊಳಗೆ ಮೂರು ದಿನ ಕಳೆದಿತ್ತು. ಕೋವಿ ಅವನಿಗೆ ಸಿಗಬಾರದಿತ್ತೆಂದು ಎಫ್‌ಬಿಐ ನಿರ್ದೇಶಕರೇ ಆಮೇಲೆ ಹೇಳಿದರು. ವಕೀಲರು ಮೇಲೆ ತಿಳಿಸಿದ ನಮ್ಮ 13ನೆಯ ಕಲಮನ್ನು ಇದರ ಜೊತೆಗಿಟ್ಟು ನೋಡಬೇಕು. ಗಡುವು ಮೀರಿದರೆ ನಮ್ಮಲ್ಲಿ ಅಧಿಕಾರಿಯೊಬ್ಬರು ಯೋಚಿಸಿ ತೀರ್ಮಾನಿಸುತ್ತಾರೆ, ಅಲ್ಲಿ ಮಾರುವವನೇ ತೀರ್ಮಾನಿಸುತ್ತಾನೆ.

2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಮಂದಿ ಹತರಾದರು. ಅವರಲ್ಲಿ ಭಾರತದಿಂದ ಹೋಗಿದ್ದವರೂ ಇದ್ದರು. ಕೊಂದ ವಿದ್ಯಾರ್ಥಿಯಿಂದ ಅವನಿಗೇ ಅಪಾಯವಿದೆಯೆಂದು 2005ರಲ್ಲೇ ನ್ಯಾಯಾಲಯದಲ್ಲಿ ದಾಖಲಾಗಿತ್ತು. ಆದರೆ ಅವನಿಗೆ ಆದೇಶಿಸಿದ್ದು ಆಸ್ಪತ್ರೆಗೆ ಸೇರದೆ ಪಡೆಯುವ ಚಿಕಿತ್ಸೆಯಾದ್ದರಿಂದ ಆ ರಾಜ್ಯದವರು ಮಾಹಿತಿಯನ್ನು ಮೇಲಕ್ಕೆ ಕಳುಹಿಸಲೇ ಇಲ್ಲ. ಅವನು ತಪಾಸಣೆಯಲ್ಲಿ ತೇರ್ಗಡೆಯಾಗಿಯೇ ಎರಡು ಪಿಸ್ತೂಲು ಕೊಂಡ. 2017ರ ನವೆಂಬರಿನಲ್ಲಿ ಟೆಕ್ಸಾಸಿನ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಚರ್ಚಿನಲ್ಲಿ 26 ಮಂದಿ ಸತ್ತಾಗಲೂ ಇದೇ ಕತೆ: ಹೆಂಡತಿ ಮತ್ತು ಮಗುವಿನ ಮೇಲಿನ ಹಲ್ಲೆಗಾಗಿ ಸೇನಾ ನ್ಯಾಯಾಲಯದಲ್ಲಿ ಕೊಲೆಗಾರನಿಗೆ ಶಿಕ್ಷೆಯಾಗಿತ್ತು, ವಾಯುಪಡೆ ಅದನ್ನು ಎಫ್‌ಬಿಐಗೆ ತಿಳಿಸಿರಲಿಲ್ಲ. ಈ ಎಲ್ಲ ಪ್ರಕರಣಗಳಲ್ಲೂ ಕಾನೂನು ಇತ್ತು, ಕೊಲೆಗಾರನ ಹಿನ್ನೆಲೆ ಯಾವುದೋ ಕಚೇರಿಗೆ ಗೊತ್ತೂ ಇತ್ತು. ಗೊತ್ತಿದ್ದ ಕಚೇರಿಯಿಂದ ಕೇಳಿದ ಕಚೇರಿಗೆ ಅದು ತಲುಪಲಿಲ್ಲ. ಆ ಸಾವುಗಳನ್ನು ತಡೆಯಬಹುದಿತ್ತೆಂದು ನೆನೆದಾಗ ಈಗಲೂ ಸಂಕಟವಾಗುತ್ತದೆ.

ಇದಲ್ಲದೆ, ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿ ತನ್ನದೇ ರಾಜ್ಯದ ಮತ್ತೊಬ್ಬನಿಗೆ ಕೋವಿ ಮಾರಿದರೆ ಕೇಂದ್ರ ಕಾನೂನಿನ ಪ್ರಕಾರ ತಪಾಸಣೆಯೇ ಬೇಕಿಲ್ಲ. ಕೆಲವು ರಾಜ್ಯಗಳು ಅದನ್ನು ಕಡ್ಡಾಯ ಮಾಡಿವೆ, ಟೆಕ್ಸಾಸ್ ಮಾಡಿಲ್ಲ. ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಸತ್ತ ಬಳಿಕ, 2013ರಲ್ಲಿ, ಈ ಕಂಡಿ ಮುಚ್ಚುವ ಮಸೂದೆಯ ಪರವಾಗಿ ಸೆನೆಟಿನಲ್ಲಿ 54 ಮತಗಳು ಬಂದವು, 60 ಬೇಕಿತ್ತು. 2022ರಲ್ಲಿ ಉವಾಲ್ಡೆಯ ಶಾಲೆಯ ದುರಂತದ ನಂತರ 21 ವರ್ಷದೊಳಗಿನವರ ತಪಾಸಣೆಗೆ ಹತ್ತು ಕೆಲಸದ ದಿನಗಳವರೆಗೂ ಕಾಲಾವಕಾಶ ಸಿಕ್ಕಿತು. ಅದು ಸಣ್ಣ ಹೆಜ್ಜೆಯಾದರೂ ಸರಿಯಾದ ಹೆಜ್ಜೆಯೆಂದೇ ನನ್ನ ಅಭಿಪ್ರಾಯ.

ಉತ್ತರ 3: ನಿವೃತ್ತ ಎಎಸ್‌ಐ, ಉಡುಪಿ ಜಿಲ್ಲೆ

ಠಾಣೆಯ ವರದಿ ಎಂದರೆ ಏನೆಂದು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅರ್ಜಿದಾರನ ಮೇಲೆ ಕೇಸು ಇದೆಯೇ, ಜಾಮೀನಿನ ಮೇಲಿದ್ದಾನೆಯೇ, ರೌಡಿ ಪಟ್ಟಿಯಲ್ಲಿದ್ದಾನೆಯೇ ಎಂದು ದಾಖಲೆ ನೋಡಲು ಅರ್ಧ ದಿನ ಸಾಕು. ಅಷ್ಟನ್ನೇ ನೋಡಿ ‘ಅರ್ಜಿದಾರರ ವಿರುದ್ಧ ಯಾವುದೇ ಪ್ರಕರಣ ದಾಖಲಾಗಿರುವುದಿಲ್ಲ’ ಎಂದು ಬರೆದು ಕಳುಹಿಸಿದರೆ ಅದು ಪೂರ್ವಾಪರ ವಿಚಾರಣೆಯಾಗುವುದಿಲ್ಲ. ಕೇಸು ಇಲ್ಲದಿರುವುದು ಬೇರೆ, ಕೋವಿ ಕೊಡಲು ಯೋಗ್ಯನಾಗಿರುವುದು ಬೇರೆ.

ನಿಜವಾದ ವಿಚಾರಣೆ ನಡೆಯುವುದು ಊರಿನಲ್ಲಿ. ಅರ್ಜಿದಾರನ ಅಂಗಳದಲ್ಲಿ ನಿಂತು ನೆರೆಯವರನ್ನು ಕೇಳಿದರೆ ಎಲ್ಲರೂ ಒಳ್ಳೆಯವನೆಂದೇ ಹೇಳುತ್ತಾರೆ. ಸಂಜೆ ಹಾಲಿನ ಸೊಸೈಟಿಯ ಹತ್ತಿರ ಮಾತಿಗೆ ಸಿಕ್ಕಾಗ ಅದೇ ನೆರೆಯವರು ಗಡಿಕಲ್ಲಿನ ಜಗಳವನ್ನೋ, ತೋಡಿನ ನೀರಿನ ತಕರಾರನ್ನೋ, ಅಣ್ಣತಮ್ಮಂದಿರ ಪಾಲಿನ ವೈಮನಸ್ಸನ್ನೋ ಮೆಲ್ಲನೆ ಹೇಳುತ್ತಾರೆ. ಆಮೇಲೆ ಮನೆಯೊಳಗೆ ಹೋಗಿ ಕೋವಿ ಇಡುವ ಜಾಗ ನೋಡಬೇಕು. ಬಾಗಿಲ ಹಿಂದಿನ ಮೊಳೆಗೆ ಕೋವಿ ತೂಗುಹಾಕಿ, ತೋಟಾಗಳನ್ನು ಪಕ್ಕದ ಗೋಡೆಯ ಮಾಡದಲ್ಲೇ ಇಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಅದರ ಕೆಳಗೇ ಮಕ್ಕಳು ಆಡುತ್ತಿದ್ದರು. ಇಂಥ ವಿಚಾರಣೆಗೆ ಸಮಯ ಬೇಕು, ಆ ಊರನ್ನು ಬಲ್ಲ ಸಿಬ್ಬಂದಿ ಬೇಕು. ಬಂದೋಬಸ್ತು, ಸಮನ್ಸು, ಜಾತ್ರೆ ಎಲ್ಲವೂ ಅದೇ ನಾಲ್ಕು ಮಂದಿಯ ಮೇಲೆ ಬಿದ್ದಾಗ ಕೋವಿಯ ಕಡತ ಹಿಂದೆ ಉಳಿಯುತ್ತದೆ. ವಿಳಂಬವನ್ನು ನಾನು ಸಮರ್ಥಿಸುವುದಿಲ್ಲ, ಆದರೆ ಅದಕ್ಕೆ ಮದ್ದೆಂದು ವಿಚಾರಣೆಯನ್ನೇ ಕೈಬಿಡುವುದನ್ನು ಒಪ್ಪುವುದಿಲ್ಲ.

ನನ್ನ ನಿಜವಾದ ಆತಂಕ ಇನ್ನೊಂದಿದೆ. 2019ರ ತಿದ್ದುಪಡಿಯಲ್ಲಿ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೇರಿತು. ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಎರಡನೆಯದು ಒಳ್ಳೆಯದಾಯಿತು. ಆದರೆ ಐದು ವರ್ಷದಲ್ಲಿ ಮನುಷ್ಯನೊಬ್ಬ ಸಾಲದಲ್ಲಿ ಮುಳುಗಬಹುದು, ಕುಡಿತಕ್ಕೆ ಬೀಳಬಹುದು, ಖಿನ್ನತೆಗೆ ಒಳಗಾಗಬಹುದು. ಪರವಾನಗಿ ರದ್ದುಪಡಿಸುವ ಅಧಿಕಾರ 17ನೆಯ ಕಲಮಿನಲ್ಲಿ ಇದ್ದರೂ ಯಾರಾದರೂ ಬಂದು ಹೇಳಿದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಅಮೆರಿಕದಲ್ಲಿ ಕೋವಿಯಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು ಎಂಬುದನ್ನು ನೆನಪಿಟ್ಟರೆ, ಕೊಳ್ಳುವ ದಿನದ ತಪಾಸಣೆಯೊಂದರಿಂದ ಎಲ್ಲವೂ ಮುಗಿಯುವುದಿಲ್ಲವೆಂದು ತಿಳಿಯುತ್ತದೆ.

ಉತ್ತರ 4: ಮೂಡುಬಿದಿರೆಯ ಕೃಷಿಕ ಮಹಿಳೆ

ಎಎಸ್‌ಐಯವರು ಹೇಳಿದ ಬಹುಪಾಲು ಮಾತು ನಿಜ. ಆದರೂ ಈ ಬಿಗಿಯ ಭಾರ ಯಾರ ಮೇಲೆ ಬೀಳುತ್ತಿದೆ ಎಂಬುದನ್ನು ನೋಡಬೇಕು. 2023ರಲ್ಲಿ ವಿಧಾನಸಭೆ, 2024ರಲ್ಲಿ ಲೋಕಸಭೆ ಎಂದು ಚುನಾವಣೆ ಬಂದಾಗಲೆಲ್ಲ ನಮ್ಮ ಭಾಗದ ಕೃಷಿಕರು ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಯಿತು. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಪಾಲ್ಗೊಂಡವರು ಯಾರೆಂದು ಪರಿಶೀಲನಾ ಸಮಿತಿಯ ಮೂಲಕ ನೋಡಿ ನಿರ್ಧರಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಅಂದರೆ ಒಬ್ಬೊಬ್ಬರ ಪೂರ್ವಾಪರವನ್ನೂ ವಿಚಾರಿಸಬೇಕು. ಅದರ ಬದಲು ಎಲ್ಲರಿಗೂ ಒಂದೇ ನೋಟಿಸು ಹೋದರೆ ಅದನ್ನು ವಿಚಾರಣೆ ಎನ್ನಲಾಗದು. ಕೋವಿ ಇಲ್ಲದ ಆ ತಿಂಗಳುಗಳಲ್ಲಿ ನಮಗೆ ಗರ್ನಾಲೇ (ದೊಡ್ಡ ಸದ್ದಿನ ಪಟಾಕಿ) ಗತಿ. ಪರವಾನಗಿಯೇ ಇಲ್ಲದ ನಾಡಕೋವಿ ಇಟ್ಟುಕೊಂಡವನಿಗೆ ನೋಟಿಸೂ ಇಲ್ಲ, ಠೇವಣಿಯೂ ಇಲ್ಲ. ನಮ್ಮ ದೇಶದಲ್ಲಿ ಕೋವಿಯಿಂದ ನಡೆಯುವ ಕೊಲೆಗಳಲ್ಲಿ ಬಹುಪಾಲು ಪರವಾನಗಿಯಿಲ್ಲದ ಆಯುಧಗಳಿಂದಲೇ ಆಗುತ್ತವೆ.

ಇಷ್ಟು ಹೇಳಿದ ಮೇಲೂ ತಪಾಸಣೆ ಕಡಿಮೆಯಾಗಲಿ ಎಂದು ನಾನು ಕೇಳುವುದಿಲ್ಲ. ಒಂದು ಕಡೆ ಅದು ಹೆಚ್ಚಾಗಬೇಕು. ಠಾಣೆಯವರು ನೆರೆಯವರನ್ನು ಕೇಳುತ್ತಾರೆ, ಅಂಗಡಿಯವರನ್ನು ಕೇಳುತ್ತಾರೆ. ಮನೆಯ ಹೆಂಗಸನ್ನು ಬೇರೆಯಾಗಿ ಕರೆದು ಕೇಳಿದ್ದನ್ನು ನಾನು ಕಂಡಿಲ್ಲ. ಗಂಡನ ಕೈಯಲ್ಲಿ ಕೋವಿ ಇರುವುದು ತನಗೆ ಭಯವೋ ಅಲ್ಲವೋ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಕೆನಡಾದಲ್ಲಿ ಪರವಾನಗಿಯ ಅರ್ಜಿಗೆ ಸಂಗಾತಿಯ ಸಹಿ ಕೇಳುತ್ತಾರೆ. ಸಹಿ ಇಲ್ಲದಿದ್ದರೆ ಇಂಥ ಅರ್ಜಿ ಬಂದಿದೆಯೆಂದು ಅಧಿಕಾರಿಗಳೇ ಅವರಿಗೆ ತಿಳಿಸುತ್ತಾರೆ. ಅಮೆರಿಕದಲ್ಲಿಯೂ, ಸಂಗಾತಿಗೆ ಅಪಾಯವೆಂದು ನ್ಯಾಯಾಲಯ ರಕ್ಷಣಾ ಆದೇಶ ಕೊಟ್ಟವನ ಕೈಯಲ್ಲಿ ಕೋವಿ ಇರಕೂಡದೆಂಬ ಕಾನೂನನ್ನು 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದರ ಬಹುಮತದಿಂದ ಎತ್ತಿಹಿಡಿಯಿತು. ಹೊರಗಿನಿಂದ ನಾವು ತರಬೇಕಾದದ್ದು ಇದನ್ನು. ಟೆಕ್ಸಾಸಿನ ವೇಗ ನಮಗೆ ಬೇಡ.

ಪ್ರಶ್ನೆ ಕೇಳಿದವರು: ಹೆಬ್ರಿ ಕಡೆಯ ಕೃಷಿಕ

ಎಲ್ಲರಿಗೂ ಕೃತಜ್ಞತೆಗಳು. ಅಕ್ಕನವರ ಮಾತು ನನಗೆ ಬಹಳ ಹಿಡಿಸಿತು. ವಿಚಾರಣೆಗೆ ಬಂದವರು ನನ್ನ ಮನೆಯವಳನ್ನೂ ಕೇಳಲಿ, ನನ್ನದೇನೂ ಅಡ್ಡಿಯಿಲ್ಲ. ವಕೀಲರಲ್ಲಿ ಇನ್ನೊಂದು ಮಾತು ಕೇಳಬೇಕಿದೆ: ನನ್ನ ಅರ್ಜಿ ತೀರ್ಮಾನವಾಗುವ ಮೊದಲೇ ತಂದೆಯವರ ಪರವಾನಗಿಯ ಅವಧಿ ಮುಗಿದರೆ ಕೋವಿಯನ್ನು ಏನು ಮಾಡಬೇಕು?

ಉತ್ತರ 5: ಉಡುಪಿಯ ವಕೀಲ

ಅವಧಿ ಮುಗಿಯುವ ಮೊದಲೇ ತಂದೆಯವರ ಹೆಸರಿನಲ್ಲಿ ನವೀಕರಣದ ಅರ್ಜಿ ಹಾಕಿ, ನಿಮ್ಮ ಹೆಸರಿನ ಅರ್ಜಿ ಬಾಕಿ ಇದೆಯೆಂದು ಅದರಲ್ಲಿ ಬರೆಯಿರಿ. ಅಷ್ಟಾದರೂ ಅವಧಿ ಮುಗಿದೇ ಹೋದರೆ ಕೋವಿಯನ್ನು ಒಂದು ದಿನವೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದು 25ನೆಯ ಕಲಮಿನಡಿ ಅಪರಾಧ. ಕೇಸು ದಾಖಲಾದರೆ ನಿಮ್ಮ ಅರ್ಜಿಯೂ ಅಲ್ಲಿಗೆ ನಿಲ್ಲುತ್ತದೆ. 21ನೆಯ ಕಲಮಿನಂತೆ ಕೋವಿಯನ್ನೂ ಉಳಿದ ತೋಟಾಗಳನ್ನೂ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಿ. ರಸೀದಿಯಲ್ಲಿ ಕೋವಿಯ ಸಂಖ್ಯೆ, ತೋಟಾಗಳ ಎಣಿಕೆ, ಒಪ್ಪಿಸಿದ ದಿನಾಂಕ ಮೂರನ್ನೂ ಬರೆಸಿಕೊಂಡು, ಅದರ ಪ್ರತಿಯನ್ನು ನಿಮ್ಮ ಅರ್ಜಿಯ ಕಡತಕ್ಕೆ ಸೇರಿಸಿ.