ಅಜ್ಜನ ಟ್ರಂಕಿನಲ್ಲಿ ಸಿಕ್ಕ ಶಿಲುಬೆ ಬ್ಯಾಡ್ಜ್: ಯಾವುದಿದು? ಯಾರಿಗೂ ಗೊತ್ತಿಲ್ವಾ?

ಟ್ರಂಕು_ಬೀಗ:
ಒಂದು ವಾರದಿಂದ ತಲೆ ಕೆಟ್ಟುಹೋಗಿದೆ. ಅಜ್ಜನ ಟ್ರಂಕಿನಲ್ಲಿ ಈ ಬ್ಯಾಡ್ಜ್ ಸಿಕ್ಕಿತು. ಕಂದು ಲೋಹ, ಶಿಲುಬೆ ಆಕಾರ, ತುದಿಗಳೆಲ್ಲ ಸೀಳಿದ ಹಾಗಿವೆ. ಮೇಲೆ ಸಣ್ಣ ಪಟ್ಟಿಗಳು ಒಂದರ ಕೆಳಗೊಂದು ಜೋತುಬಿದ್ದಿವೆ. ನಾವು ಕ್ರೈಸ್ತರಲ್ಲ, ಅಜ್ಜ ದಿನಾ ವಿಭೂತಿ ಹಚ್ಚುತ್ತಿದ್ದವರು. ಹಳೇ ಸಾಮಾನಿನ ಅಂಗಡಿಯವನು "ಮಿಲಿಟರಿದು, ಇನ್ನೂರು ಕೊಡ್ತೀನಿ" ಅಂದ. ಇನ್ನೊಬ್ಬ ಆಂಬುಲೆನ್ಸಿನದು ಅಂದ. ಅಜ್ಜ ಡಾಕ್ಟರೂ ಅಲ್ಲ, ಸೈನ್ಯಕ್ಕೂ ಹೋದವರಲ್ಲ. ಫೋಟೋ ಹಾಕಿದ್ದೇನೆ. ದಯವಿಟ್ಟು "ಗೂಗಲ್ ಮಾಡಿ" ಅನ್ನಬೇಡಿ, ಮಾಡಿ ಸಾಕಾಗಿದೆ.

ನಾಣ್ಯ_ನಂಜುಂಡ:
ಮಾಲ್ಟಾ ಶಿಲುಬೆ ಸರ್. ಎಂಟು ಮೊನೆ ಇದೆಯಲ್ಲ, ಇನ್ನೇನು ಬೇಕು? ಎರಡನೇ ಮಹಾಯುದ್ಧದಲ್ಲಿ ಇಟಲಿಯ ಯುದ್ಧಕೈದಿಗಳನ್ನು ಬೆಂಗಳೂರಿಗೆ ತಂದು ಜಾಲಹಳ್ಳಿ ಕಡೆ ಇಟ್ಟಿದ್ದರು. ಅವರಲ್ಲೊಬ್ಬ ಕೊಟ್ಟದ್ದು. ಅಜ್ಜ ಬೆಂಗಳೂರಿನಲ್ಲಿದ್ದರಾ?

ಟ್ರಂಕು_ಬೀಗ:
ಯಾರದೋ ಮದುವೆಗೆ ಒಂದು ಸಲ ಬಂದಿದ್ದರಂತೆ.

ನಾಣ್ಯ_ನಂಜುಂಡ:
ಸಾಕಲ್ಲ!

ಕೋಲಾರದ_ಕಲ್ಲು:
ಹಿಂಬದಿ ಫೋಟೋ ಎಲ್ಲಿ ಸ್ವಾಮಿ? ಬ್ಯಾಡ್ಜ್ ಕೇಳಲು ಬರುವವರೆಲ್ಲ ಮುಖ ಮಾತ್ರ ತೋರಿಸುತ್ತೀರಿ, ಬೆನ್ನು ತೋರಿಸಲ್ಲ. ತೋಳುಗಳ ಸಂದಿನಲ್ಲಿ ಏನೋ ಪ್ರಾಣಿಗಳಿವೆ, ಹಿಗ್ಗಿಸಿ ನೋಡಿ. ಎರಡು ಸಿಂಹ, ಎರಡು ಒಂಟಿಕೊಂಬಿನ ಕುದುರೆ ಇದ್ದರೆ ಅದು ಪ್ರಥಮ ಚಿಕಿತ್ಸೆ ಕಲಿಸುವ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆಯದು. ಬರೀ ಎಂಟು ಮೊನೆ ನೋಡಿ ಮಾಲ್ಟಾ ಅನ್ನಬಾರದು.

ಪಟ್ಟಾಭಿ_ಪದಕ:
ಕಿರೀಟ ಇದೆಯಾ? ಬ್ರಿಟಿಷ್ ಬ್ಯಾಡ್ಜ್ ಅಂದರೆ ನಾನು ಮೊದಲು ನೋಡುವುದೇ ಕಿರೀಟ. ಕಮಾನು ದುಂಡಗೆ ಉಬ್ಬಿದ್ದರೆ ರಾಜರ ಕಾಲದ್ದು, 1902ರಿಂದ 1952. ನಡುವೆ ತಗ್ಗಿದ್ದರೆ ಎಲಿಜಬೆತ್ ರಾಣಿಯ ಕಾಲದ್ದು.

ಟ್ರಂಕು_ಬೀಗ:
ಕಿರೀಟ ಇಲ್ಲ. ಪ್ರಾಣಿಗಳು ಇವೆ, ಆದರೆ ಸಿಂಹವೋ ನಾಯಿಯೋ ಗೊತ್ತಾಗುತ್ತಿಲ್ಲ. ತಂಗಿ ಹುಣಸೆಹಣ್ಣು ಹಾಕಿ ತಿಕ್ಕಿಬಿಟ್ಟಿದ್ದಾಳೆ.

ಲೋಹಲೀಲಾ:
ಅಯ್ಯೋ! ಕಂಚಿಗೆ ಹುಣಸೆಹಣ್ಣಾ? ನೂರು ವರ್ಷದ ಬಣ್ಣ ಹತ್ತು ನಿಮಿಷಕ್ಕೆ ಹೋಯಿತು. ಹಳೇ ಬ್ಯಾಡ್ಜ್ ಸಿಕ್ಕರೆ ಮೊದಲು ಮಾಡಬೇಕಾದ್ದು ಏನೂ ಮಾಡದೇ ಇರುವುದು.

ಪಟ್ಟಾಭಿ_ಪದಕ:
ನಮ್ಮ ಮನೆಯಲ್ಲಿ ದೇವರ ಪಾತ್ರೆಗೆಲ್ಲ ಹುಣಸೆಹಣ್ಣೇ ಮೇಡಂ. ಏನೂ ಆಗಿಲ್ಲ.

ಲೋಹಲೀಲಾ:
ದೇವರ ಪಾತ್ರೆಯಲ್ಲಿ ಯಾರೂ ಅಕ್ಷರ ಓದಲು ಹೋಗಲ್ಲ ಸರ್.

ಪಟ್ಟಾಭಿ_ಪದಕ:
ಬ್ರಾಸೋ ಹಾಕುವುದಕ್ಕಿಂತ ವಾಸಿ ಅಂದೆ ಅಷ್ಟೇ. ಕಿರೀಟ ಇನ್ನೊಂದು ಸಲ ನೋಡಿ, ಸವೆದುಹೋಗಿರಬಹುದು.

ಕೋಲಾರದ_ಕಲ್ಲು:
ಈ ಶಿಲುಬೆಯಲ್ಲಿ ಕಿರೀಟ ಇರುವುದೇ ಇಲ್ಲ ಪಟ್ಟಾಭಿಗಳೇ, ಬಿಡಿ. ಹಿಂಬದಿ, ಹಿಂಬದಿ, ಹಿಂಬದಿ!

ಬಿಳಿಕೋಟು:
ಆಂಬುಲೆನ್ಸ್ ಅಂದರೆ ಕೆಂಪು ಶಿಲುಬೆ ಇರಬೇಕಲ್ಲವೇ? ಇದರಲ್ಲಿ ಇಲ್ಲ. ಹಾಗಾಗಿ ನನ್ನ ಓಟು ನಂಜುಂಡರಿಗೆ.

ಕೋಲಾರದ_ಕಲ್ಲು:
ಇದು ಎಲ್ಲರೂ ಮಾಡುವ ತಪ್ಪು. ಕೆಂಪು ಶಿಲುಬೆ 1864ರ ಜಿನೀವಾ ಒಪ್ಪಂದದಿಂದ ಬಂದ ಗುರುತು. ಸಿಕ್ಕವರೆಲ್ಲ ಹಾಕಿಕೊಳ್ಳುವ ಹಾಗಿಲ್ಲ. ಸೇಂಟ್ ಜಾನ್‌ನವರ ಗುರುತು ಬೇರೆ, ಕಪ್ಪಿನ ಮೇಲೆ ಎಂಟು ಮೊನೆಯ ಬಿಳಿ ಶಿಲುಬೆ. ಅವರಲ್ಲೇ ಎರಡು ಕವಲು. 1877ರಲ್ಲಿ ಶುರುವಾದ ಅಸೋಸಿಯೇಷನ್ ಪ್ರಥಮ ಚಿಕಿತ್ಸೆ ಕಲಿಸಿ ಪರೀಕ್ಷೆ ಮಾಡುತ್ತಿತ್ತು. 1887ರ ಬ್ರಿಗೇಡ್ ಅಂದರೆ ಸಮವಸ್ತ್ರ ಹಾಕಿ ಜಾತ್ರೆ, ಮೆರವಣಿಗೆಗೆ ನಿಲ್ಲುವವರು. ಸ್ಕಾಟ್ಲೆಂಡಿನವರು 1882ರಲ್ಲಿ ಸೇಂಟ್ ಆಂಡ್ರೂ ಹೆಸರಲ್ಲಿ ತಮ್ಮದೇ ಮಾಡಿಕೊಂಡರು, ಅದು ಗುಣಾಕಾರ ಚಿಹ್ನೆಯ ಹಾಗಿರುವ ಓರೆ ಶಿಲುಬೆ. ಇಷ್ಟು ಗೊತ್ತಿದ್ದರೆ ಅರ್ಧ ಬ್ಯಾಡ್ಜ್‌ಗಳನ್ನು ದೂರದಿಂದಲೇ ಗುರುತಿಸಬಹುದು.

ಅಂದ ಹಾಗೆ ನನ್ನ ಹತ್ತಿರ ಮೂವತ್ತೊಂದು ಇವೆ. ತೇಗದ ಚೌಕಟ್ಟು, ಒಳಗೆ ಕಪ್ಪು ವೆಲ್ವೆಟ್. ಫೋಟೋ ನೋಡಿ.

ನಾಣ್ಯ_ನಂಜುಂಡ:
ಚೌಕಟ್ಟು ಚೆನ್ನಾಗಿದೆ, ಫೋಟೋ ಮಸುಕು. ನಾನು ಮ್ಯಾಕ್ರೋ ಲೆನ್ಸಿನಲ್ಲಿ ತೆಗೆದ ಮೈಸೂರು ಕಾಸು ಹಾಕಿದ್ದೇನೆ. ಲೈಟ್ ಬಾಕ್ಸ್ ಮನೆಯಲ್ಲೇ ಥರ್ಮೋಕೋಲಿನಲ್ಲಿ ಮಾಡಿದ್ದು.

ಬಿಳಿಕೋಟು:
ಬಲ್ಬ್ ಎಷ್ಟು ವ್ಯಾಟ್ ಸರ್? ನೆರಳು ಬೀಳಲ್ವಾ?

ನಾಣ್ಯ_ನಂಜುಂಡ:
ಒಂಬತ್ತು ವ್ಯಾಟಿನದು ಎರಡು, ಎದುರುಬದುರು. ಮುಂದೆ ಬೆಣ್ಣೆ ಕಾಗದ ಅಂಟಿಸಬೇಕು.

ಟ್ರಂಕು_ಬೀಗ:
ಸ್ವಲ್ಪ ನನ್ನ ಕಡೆ ಬರುತ್ತೀರಾ? ಹಿಂಬದಿ ಫೋಟೋ ಹಾಕಿದ್ದೇನೆ. ಪುಣ್ಯಕ್ಕೆ ತಂಗಿ ಹಿಂದೆ ತಿಕ್ಕಿಲ್ಲ. ಒಂದು ಸಂಖ್ಯೆ, ಅದರ ಜೊತೆಗೆ ಅಜ್ಜನ ಹೆಸರೇ ಇದೆ, ಇಂಗ್ಲಿಷಿನಲ್ಲಿ ಕೆತ್ತಿದ್ದಾರೆ! ಪಟ್ಟಿಗಳಲ್ಲಿ 1936, 1937, 1939, 1940 ಅಂತ ಇದೆ. ಇದನ್ನು ಮೊದಲೇ ಹೇಳಬೇಕಿತ್ತಾ?

ಲೋಹಲೀಲಾ:
😐

ಕೋಲಾರದ_ಕಲ್ಲು:
ಹೇಳಬೇಕಿತ್ತಾ ಅಂದರೆ! ಅಸೋಸಿಯೇಷನ್ನಿನ ಮರುಪರೀಕ್ಷೆ ಪದಕ ಇದು. ಮೊದಲ ಸಲ ಪಾಸಾದರೆ ಸರ್ಟಿಫಿಕೇಟ್, ಎರಡನೇ ಸಲಕ್ಕೆ ವೋಚರ್, ಮೂರನೇ ಸಲಕ್ಕೆ ಹೆಸರು, ಸಂಖ್ಯೆ ಕೆತ್ತಿದ ಪದಕ. ಆಮೇಲೆ ವರ್ಷ ವರ್ಷ ಮರುಪರೀಕ್ಷೆ ಬರೆದವರಿಗೆ ಆ ಇಸವಿಯ ಪಟ್ಟಿ. ಅಂದರೆ ಅಜ್ಜ ಪಟ್ಟುಬಿಡದೆ ಪರೀಕ್ಷೆ ಕಟ್ಟಿದವರು. ಗಣಿಯಲ್ಲಿದ್ದರಾ? ನಮ್ಮ ಕೆಜಿಎಫ್ ಕಡೆಯವರೇ ಇರಬೇಕು.

ಟ್ರಂಕು_ಬೀಗ:
ಅಲ್ಲ ಸರ್, ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಆಗಿನ ಎಂ ಆಂಡ್ ಎಸ್‌ಎಂ, ಅಂದರೆ ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೆ. ಅದನ್ನೂ ಹೇಳಿರಲಿಲ್ವಾ ನಾನು?

ಕೋಲಾರದ_ಕಲ್ಲು:
ಇಲ್ಲ!! ಮೊದಲ ಸಾಲಿನಲ್ಲೇ ಬರೆಯಬೇಕಾದ್ದು ಅದು. ರೈಲ್ವೆಯವರಿಗೂ ಗಣಿಯವರಿಗೂ ಪ್ರಥಮ ಚಿಕಿತ್ಸೆ ಕಲಿಸುತ್ತಿದ್ದುದೇ ಇದಕ್ಕೆ. ವರ್ಕ್‌ಶಾಪಿನಲ್ಲಿ ಕೈ ಜಜ್ಜಿಹೋದರೆ ಡಾಕ್ಟರ್ ಬರುವ ತನಕ ರಕ್ತ ನಿಲ್ಲಿಸಲು ಪಕ್ಕದ ಫಿಟ್ಟರನೇ ಬೇಕಲ್ಲ.

ನಾಣ್ಯ_ನಂಜುಂಡ:
1940 ಇದೆಯಲ್ಲ, ಯುದ್ಧ ಶುರುವಾಗಿತ್ತು. ಇಟಲಿ ಕೈದಿ ಸಾಧ್ಯತೆ ಇನ್ನೂ ಇದೆ.

ಲೋಹಲೀಲಾ:
ಇಟಲಿ ಯುದ್ಧಕ್ಕೆ ಇಳಿದದ್ದೇ 1940ರ ಜೂನಿನಲ್ಲಿ. 1936ರ ಪಟ್ಟಿಯನ್ನು ಯಾವ ಕೈದಿ ಕೊಟ್ಟ?

ನಾಣ್ಯ_ನಂಜುಂಡ:
ಕೈದಿಗಳಲ್ಲಿ ಒಳ್ಳೆ ಕುಶಲಕರ್ಮಿಗಳಿದ್ದರು. ಹೆಸರು, ಇಸವಿ ಎಲ್ಲ ಆಮೇಲೆ ಕೆತ್ತಿರಬಹುದು ಅಂತ ಹೇಳಿದೆ.

ಪಟ್ಟಾಭಿ_ಪದಕ:
1938 ಯಾಕಿಲ್ಲ? ಫೇಲಾ?

ಕೋಲಾರದ_ಕಲ್ಲು:
ಆ ವರ್ಷ ಪರೀಕ್ಷೆಗೆ ಕೂತಿರಲಿಕ್ಕಿಲ್ಲ, ಅಥವಾ ಕೊಂಡಿ ಸಡಿಲವಾಗಿ ಪಟ್ಟಿ ಬಿದ್ದುಹೋಗಿರಬಹುದು. ಟ್ರಂಕಿನ ತಳ, ಮೂಲೆ ಎಲ್ಲ ನೋಡಿ. ಇನ್ನೊಂದು ಮಾತು, ಇದೊಂದರಿಂದ ಅಜ್ಜ ಬ್ರಿಗೇಡಿನಲ್ಲಿದ್ದರು ಅನ್ನಲಾಗದು. ಸಮವಸ್ತ್ರದ ಟೋಪಿ ಬ್ಯಾಡ್ಜ್ ಬೇರೆ ಇರುತ್ತದೆ. ಇನ್ನೂರಕ್ಕೆ ಮಾತ್ರ ಕೊಡಬೇಡಿ.

ಟ್ರಂಕು_ಬೀಗ:
ಕೊಡಲ್ಲ ಸರ್, ಎಷ್ಟಕ್ಕೂ ಕೊಡಲ್ಲ. ಟ್ರಂಕು ಬೋರಲು ಹಾಕಿ ನೋಡಿದೆ, ನುಸಿಗುಳಿಗೆ ಬಿಟ್ಟರೆ ಏನೂ ಇಲ್ಲ. ಹುಬ್ಬಳ್ಳಿಯ ದೊಡ್ಡತ್ತೆಗೆ ಫೋನ್ ಮಾಡಿದೆ, ತೊಂಬತ್ತು ದಾಟಿದ್ದಾರೆ. ಪದಕ ನೋಡಿದ ನೆನಪಿಲ್ಲವಂತೆ. ಆದರೆ "ಪರೀಕ್ಷೆ ಬಂತಂದ್ರ ಅಪ್ಪ ನಮ್ಮನ್ನೆಲ್ಲಾ ಸಾಲಾಗಿ ಕುಂದರಿಸಿ ಕೈಗೆ, ತಲಿಗೆ ಬಿಳಿ ಅರಿವಿ ಕಟ್ಟತಿದ್ದ. ಅವ್ವ ಬೈತಿದ್ಲು, ಹುಡುಗ್ರು ಉಣ್ಣೋದು ಹೆಂಗ ಅಂತ" ಅಂದರು.

ಕೋಲಾರದ_ಕಲ್ಲು:
ತ್ರಿಕೋನ ಬ್ಯಾಂಡೇಜ್! ಪರೀಕ್ಷೆಯಲ್ಲಿ ಅದನ್ನು ಕಟ್ಟಿ ತೋರಿಸಲೇಬೇಕಿತ್ತು.

ಬಿಳಿಕೋಟು:
ನಂಜುಂಡ ಸರ್, ಬೆಣ್ಣೆ ಕಾಗದ ಬಿಸಿಗೆ ಸುಟ್ಟುಹೋಗಲ್ವಾ?