ಒಂದು ಎಂಬಿ ನಕ್ಷೆಗೆ ಪ್ರಿಂಟರಿನ ಮೆಮೊರಿ ಏಕೆ ಸಾಲುವುದಿಲ್ಲ?

ಪ್ರಶ್ನೆ: ನಮ್ಮ ಸಹಕಾರಿ ಸಂಘದ ಕಚೇರಿಯ ಎಲ್ಲ ಕಂಪ್ಯೂಟರುಗಳಿಗೂ ಸೇರಿ ಒಂದೇ ಕಪ್ಪು-ಬಿಳುಪು ಲೇಸರ್ ಪ್ರಿಂಟರ್ ಇದೆ. ನಲವತ್ತು ಪುಟಗಳ ಸಭಾ ನಡಾವಳಿಯನ್ನು ಅದು ಸರಾಗವಾಗಿ ಮುದ್ರಿಸುತ್ತದೆ. ಆದರೆ ಸ್ಕ್ಯಾನ್ ಮಾಡಿದ ಒಂದು ಪುಟದ ಸರ್ವೆ ನಕ್ಷೆಯ ಪಿಡಿಎಫ್ ಕೊಟ್ಟರೆ, ಕಡತ ಒಂದು ಎಂಬಿಯಷ್ಟೇ ಇದ್ದರೂ, ಬಹಳ ಹೊತ್ತು ದೀಪ ಮಿನುಗಿಸಿ ಅರ್ಧ ನಕ್ಷೆಯನ್ನು ಒಂದು ಹಾಳೆಯಲ್ಲಿಯೂ ಉಳಿದರ್ಧವನ್ನು ಇನ್ನೊಂದರಲ್ಲಿಯೂ ಹೊರಹಾಕುತ್ತದೆ. ಪ್ರಿಂಟರಿನಲ್ಲಿ 16 ಎಂಬಿ ಮೆಮೊರಿ ಇದೆ. ಹೆಚ್ಚಿನ ಮೆಮೊರಿ ಹಾಕಿಸಬೇಕೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ಪ್ರಿಂಟರ್ ಸರ್ವೀಸ್ ಇಂಜಿನಿಯರ್): ಸರ್, ಹಣ ಖರ್ಚು ಮಾಡುವ ಮೊದಲು ಒಂದು ಲೆಕ್ಕವನ್ನು ನೋಡಿ. ಪ್ರಿಂಟರಿಗೆ ಬೇಕಾಗುವ ಮೆಮೊರಿಯನ್ನು ನಿರ್ಧರಿಸುವುದು ಹಾಳೆಯ ಮೇಲೆ ಬೀಳಬೇಕಾದ ಚುಕ್ಕೆಗಳ ಸಂಖ್ಯೆ. 600 ಡಿಪಿಐಯಲ್ಲಿ (ಅಂಗುಲಕ್ಕೆ 600 ಚುಕ್ಕೆ) ಎ4 ಹಾಳೆಯೊಂದಕ್ಕೆ ಅಡ್ಡಕ್ಕೆ 4960, ಉದ್ದಕ್ಕೆ 7016, ಅಂದರೆ ಸುಮಾರು 3.48 ಕೋಟಿ ಚುಕ್ಕೆಗಳಾಗುತ್ತವೆ. ಚುಕ್ಕೆಗೆ ಒಂದು ಬಿಟ್ (ಬೈಟಿನ ಎಂಟನೆಯ ಒಂದು ಭಾಗ) ಎಂದರೂ ಪುಟಕ್ಕೆ 4 ಎಂಬಿಗಿಂತ ತುಸು ಹೆಚ್ಚು ಬೇಕು. ಡ್ರೈವರಿನಲ್ಲಿ (ಪ್ರಿಂಟರನ್ನು ನಡೆಸುವ ಕಂಪ್ಯೂಟರಿನ ತಂತ್ರಾಂಶದಲ್ಲಿ) 1200 ಡಿಪಿಐ ಆಯ್ಕೆಯಾಗಿದ್ದರೆ ಇದು ನಾಲ್ಕು ಪಟ್ಟಾಗಿ, ನಿಮ್ಮ 16 ಎಂಬಿಯನ್ನು ಒಂದೇ ಪುಟ ನುಂಗಿಹಾಕುತ್ತದೆ. ಇದರ ಮೇಲೆ, 300 ಡಿಪಿಐಯಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಒಂದು ಎಂಬಿಗೆ ಕುಗ್ಗಿಸಿಟ್ಟ ಎ4 ಚಿತ್ರವನ್ನು ಪೂರ್ತಿ ಬಿಚ್ಚಿದರೆ ಸುಮಾರು 26 ಎಂಬಿ ಆಗುತ್ತದೆ.

ಇಂಕ್‌ಜೆಟ್ ಪ್ರಿಂಟರಾದರೆ ಒಂದು ಪಟ್ಟಿ ಮುದ್ರಿಸಿ ಮುಂದಿನದಕ್ಕೆ ಕಾಯಬಲ್ಲದು. ಲೇಸರ್ ಪ್ರಿಂಟರಿನಲ್ಲಿ ಡ್ರಮ್ (ಚಿತ್ರ ಮೂಡುವ ಉರುಳೆ) ಮತ್ತು ಹಾಳೆ ಒಮ್ಮೆ ಹೊರಟರೆ ಪುಟ ಮುಗಿಯುವವರೆಗೆ ಒಂದೇ ವೇಗದಲ್ಲಿ ಸಾಗಲೇಬೇಕು. ಆದ್ದರಿಂದ ಪುಟದ ಚುಕ್ಕೆಗಳೆಲ್ಲ ಮೊದಲೇ ಸಿದ್ಧವಾಗಿರಬೇಕು, ಇಲ್ಲವೇ ಹಾಳೆ ಸಾಗುವ ವೇಗಕ್ಕೆ ಸರಿಯಾಗಿ ಪಟ್ಟಿಪಟ್ಟಿಯಾಗಿ ಸಿದ್ಧವಾಗುತ್ತಿರಬೇಕು. ಈ ಎರಡೂ ಸಾಧ್ಯವಾಗದೆ ಹೋದಾಗ ಪುಟ ನಡುವೆ ತುಂಡಾಗುತ್ತದೆ. ನಿಮ್ಮ ನಕ್ಷೆಗೆ ಆಗುತ್ತಿರುವುದು ಇದೇ.

ನಡಾವಳಿಗೆ ಈ ತೊಂದರೆ ಇಲ್ಲದಿರಲು ಕಾರಣವಿದೆ. ಪ್ರಿಂಟರಿನಲ್ಲಿ ನುಡಿಯಂತಹ ಕನ್ನಡ ಫಾಂಟುಗಳು ಇರುವುದಿಲ್ಲವಾದರೂ, ಡ್ರೈವರು ಅಕ್ಷರದ ಆಕಾರವನ್ನು ಒಮ್ಮೆ ಕಳುಹಿಸಿದರೆ ಸಾಕು, ಆಮೇಲೆ ಅದನ್ನು ಎಲ್ಲಿ ಇಡಬೇಕೆಂಬ ಸೂಚನೆಯಷ್ಟೇ ಹೋಗುತ್ತದೆ. 1984ರ ಮೊದಲ ಎಚ್‌ಪಿ ಲೇಸರ್‌ಜೆಟ್ ಕೇವಲ 128 ಕೆಬಿ ಮೆಮೊರಿಯಲ್ಲಿ ಪತ್ರಗಳನ್ನು ಅಚ್ಚುಕಟ್ಟಾಗಿ ಮುದ್ರಿಸುತ್ತಿದ್ದುದೂ ತನ್ನೊಳಗೆ ಮತ್ತು ಕಾರ್ಟ್ರಿಜ್‌ಗಳಲ್ಲಿ ಇದ್ದ ಫಾಂಟುಗಳ ಬಲದಿಂದಲೇ. 300 ಡಿಪಿಐಯಲ್ಲಿ ಪುಟ ತುಂಬ ಚಿತ್ರ ಬಿಡಿಸಲು ಬೇಕಾದ ಸುಮಾರು ಒಂದು ಎಂಬಿ ಅದರಲ್ಲಿರಲಿಲ್ಲ. ಮರುವರ್ಷ ಬಂದ ಆಪಲ್ ಲೇಸರ್‌ರೈಟರ್, ಕ್ಯಾನನ್‌ನ ಅದೇ ಮುದ್ರಣ ಎಂಜಿನ್ ಬಳಸಿಯೂ, 1.5 ಎಂಬಿ ಮೆಮೊರಿ ಮತ್ತು ಪೋಸ್ಟ್‌ಸ್ಕ್ರಿಪ್ಟ್ ಎಂಬ ಪುಟ ವಿವರಿಸುವ ಭಾಷೆಯ ಬಲದಿಂದ ಪುಟ ತುಂಬ ಚಿತ್ರಗಳನ್ನು ಮುದ್ರಿಸಿತು.

ಮರುಪ್ರಶ್ನೆ: ಹಾಗಾದರೆ ಮೊದಲು ಏನು ಮಾಡಬೇಕು, ಸರ್?

ಉತ್ತರ: ಪ್ರಿಂಟರಿನಿಂದಲೇ ಕಾನ್ಫಿಗರೇಶನ್ ಪುಟ ತೆಗೆದು ನೋಡಿ. ಅದರಲ್ಲಿ ಪಿಸಿಎಲ್ 6 (ಇದೂ ಅಂತಹದೇ ಪ್ರಿಂಟರ್ ಭಾಷೆ) ಅಥವಾ ಪೋಸ್ಟ್‌ಸ್ಕ್ರಿಪ್ಟ್ ಎಂದಿದ್ದರೆ ಚುಕ್ಕೆಗಳನ್ನು ಸಿದ್ಧಪಡಿಸುವ ಕೆಲಸ ಪ್ರಿಂಟರಿನದು. ಬಹಳ ಕಚೇರಿಗಳಲ್ಲಿರುವ ಕ್ಯಾನನ್ ಎಲ್‌ಬಿಪಿ 2900ರಂತಹವುಗಳಲ್ಲಿ ಆ ಕೆಲಸವನ್ನು ಕಂಪ್ಯೂಟರೇ ಮಾಡಿ ಕುಗ್ಗಿಸಿ ಕಳುಹಿಸುವುದರಿಂದ 2 ಎಂಬಿಯೇ ಸಾಕಾಗುತ್ತದೆ. ಅಲ್ಲಿ ನಿಧಾನವಾದರೆ ಕಂಪ್ಯೂಟರನ್ನು ನೋಡಬೇಕು.

ನಿಮ್ಮದು ಮೊದಲನೆಯ ಬಗೆಯದಾದರೆ 600 ಡಿಪಿಐಗೆ ಇಳಿಸಿ, ಪೇಜ್ ಪ್ರೊಟೆಕ್ಷನ್ (ಪೂರ್ತಿ ಪುಟ ಸಿದ್ಧವಾಗಲು ಮೆಮೊರಿಯನ್ನು ಮೀಸಲಿಡುವ) ಆಯ್ಕೆಯಿದ್ದರೆ ಆನ್ ಮಾಡಿ, ನಕ್ಷೆಯನ್ನು ಕಪ್ಪು-ಬಿಳುಪಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿ. ಹೆಚ್ಚಿನ ಕಚೇರಿಗಳಲ್ಲಿ ಇಷ್ಟಕ್ಕೇ ಕೆಲಸವಾಗುತ್ತದೆ. ಆಗದಿದ್ದರೆ ಮಾತ್ರ ಮೆಮೊರಿ ಹಾಕಿಸಿ. ಹಾಕಿಸಿದ ಮೇಲೆ ಪ್ರಿಂಟರ್ ಪ್ರಾಪರ್ಟೀಸ್‌ನ ಡಿವೈಸ್ ಸೆಟ್ಟಿಂಗ್ಸ್‌ನಲ್ಲಿ ಮೆಮೊರಿಯ ಹೊಸ ಪ್ರಮಾಣವನ್ನು ನಮೂದಿಸಿ. ಇದನ್ನು ಬಹಳ ಜನ ಮರೆಯುತ್ತಾರೆ, ಆಗ ಡ್ರೈವರು ಹಳೆಯ ಲೆಕ್ಕದಲ್ಲಿಯೇ ಕಳುಹಿಸುತ್ತಿರಬಹುದು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಕಂಪ್ಯೂಟರಿನಲ್ಲಿ ಕ್ಯಾನ್ಸಲ್ ಮಾಡಿದರೂ ಪುಟಗಳು ಬರುತ್ತಲೇ ಇರುತ್ತವೆ, ಏಕೆ?

ಉತ್ತರ: ಅಲ್ಲಿ ರದ್ದಾಗುವುದು ಕಂಪ್ಯೂಟರಿನ ಸ್ಪೂಲರಿನ (ಮುದ್ರಣದ ಕೆಲಸಗಳನ್ನು ಸಾಲಾಗಿ ಇಟ್ಟುಕೊಂಡು ಕಳುಹಿಸುವ ತಂತ್ರಾಂಶದ) ಸರದಿಯಲ್ಲಿ ಉಳಿದ ಭಾಗ, ಪ್ರಿಂಟರಿನ ಮೆಮೊರಿಗೆ ಆಗಲೇ ತಲುಪಿದ ಪುಟಗಳನ್ನು ನಿಲ್ಲಿಸಲು ಪ್ರಿಂಟರಿನ ಮೇಲಿರುವ ಕ್ಯಾನ್ಸಲ್ ಗುಂಡಿಯನ್ನೇ ಒತ್ತಬೇಕು. ಹಾಳೆ ಹೊರಬರುತ್ತಿರುವಾಗ ಮೇನ್ ಸ್ವಿಚ್ ಆರಿಸಬೇಡಿ, ಹಾಳೆ ಫ್ಯೂಸರಿನಲ್ಲಿ (ಶಾಯಿಪುಡಿಯನ್ನು ಬಿಸಿಯಿಂದ ಹಾಳೆಗೆ ಅಂಟಿಸುವ ಭಾಗದಲ್ಲಿ) ಸಿಕ್ಕಿಕೊಳ್ಳಬಹುದು.